ಎರಡನೆಯ ಲೋಟ ಯಾರ ಸಂಕೇತ?

ಬೀದಿಯವರು ಅವರನ್ನು ಎದುರಿಗೆ ಮೇಷ್ಟ್ರೇ ಎನ್ನುತ್ತಿದ್ದರು, ಬೆನ್ನು ತಿರುಗಿಸಿದ ಮೇಲೆ ಗೈಡು ಮೇಷ್ಟ್ರು ಎನ್ನುತ್ತಿದ್ದರು. ಹಗಲು ಹೈಸ್ಕೂಲಿನಲ್ಲಿ ಭಾಷೆಯ ಪಾಠ, ಸಂಜೆ ಮನೆಯ ಮಹಡಿ ಮೆಟ್ಟಿಲ ಕೆಳಗಿನ ಇಕ್ಕಟ್ಟು ಕೋಣೆಯಲ್ಲಿ ಗೈಡು ಬರೆಯುವ ಕೆಲಸ. ಹತ್ತನೆಯ ತರಗತಿಯ ಪಠ್ಯಪುಸ್ತಕದಲ್ಲಿ ಎಷ್ಟು ಕತೆ, ಪದ್ಯ, ನಾಟಕದ ತುಣುಕು ಇದೆಯೋ ಅಷ್ಟಕ್ಕೂ ಸಾರಾಂಶ, ಆಶಯ, ಪಾತ್ರಚಿತ್ರಣ, ಸಂಕೇತ, ಸಂದರ್ಭ, ಸ್ವಾರಸ್ಯ, ಒಂದು ಅಂಕದ್ದು, ನಾಲ್ಕು ಅಂಕದ್ದು ಎಂದು ಉತ್ತರ ಸಮೇತ ಬರೆದು ಪ್ರೆಸ್ಸಿನ ಮಾಲೀಕನಿಗೆ ಒಪ್ಪಿಸಬೇಕು. ಕೆಲಸದಲ್ಲಿರುವ ಮೇಷ್ಟ್ರು ಗೈಡು ಬರೆಯಕೂಡದೆಂದು ಇಲಾಖೆಯ ನಿಯಮ ಇತ್ತು. ಹಾಗಾಗಿ ರಟ್ಟಿನ ಮೇಲೆ ‘ಅನುಭವಿ ಅಧ್ಯಾಪಕರಿಂದ’ ಎಂದಷ್ಟೇ ಅಚ್ಚಾಗುತ್ತಿತ್ತು. ಇಪ್ಪತ್ತೆಂಟು ವರ್ಷದಿಂದ ಆ ಅನುಭವಿ ಇವರೇ.

ಅನುಭವ ಎಂಥದು ಎಂಬುದನ್ನೂ ಹೇಳಿಬಿಡಬೇಕು. ಮೇಷ್ಟ್ರು ಯಾವ ಪಾಠವನ್ನೂ ಪೂರ್ತಿ ಓದುತ್ತಿರಲಿಲ್ಲ. ಮೊದಲ ಪುಟ ಓದುವರು, ಕೊನೆಯ ಪುಟ ಓದುವರು, ಪಾಠದ ಕೆಳಗಿನ ಪ್ರಶ್ನೆಗಳ ಮೇಲೆ ಕಣ್ಣಾಡಿಸುವರು. ಅಷ್ಟಾದ ಮೇಲೆ ಬಿಸ್ಕತ್ತಿನ ಒಂದು ಹಳೆಯ ತಗಡಿನ ಡಬ್ಬಿ ತೆಗೆಯುವರು. ಅದರಲ್ಲಿ ಹದಿನಾಲ್ಕು ಕಾರ್ಡುಗಳಿದ್ದವು. ‘ತಾಯಿಯ ಮಮತೆ’, ‘ಬಡತನದಲ್ಲೂ ಪ್ರಾಮಾಣಿಕತೆ’, ‘ಅಧಿಕಾರದ ಮದ’, ‘ಅಗಲಿಕೆಯ ನೋವು’, ಹೀಗೆ. ಪ್ರತಿ ಕಾರ್ಡಿನ ಹಿಂದೆ ಎಂಟು ಹತ್ತು ಸಾಲಿನ ಸಿದ್ಧ ಉತ್ತರ. ಸಂಕೇತಗಳಿಗೇ ಎರಡು ಬೇರೆ ಕಾರ್ಡು: ನದಿ ಬಂದರೆ ಬದುಕು, ಸಂಜೆ ಬಂದರೆ ಮುಪ್ಪು, ಕಿಟಕಿ ಬಂದರೆ ನಿರೀಕ್ಷೆ, ಹಕ್ಕಿ ಬಂದರೆ ಸ್ವಾತಂತ್ರ್ಯ. ನಾಟಕವಾದರೆ ಎರಡನೆಯ ದೃಶ್ಯದಲ್ಲಿ ಸಂಘರ್ಷ ಇದ್ದೇ ಇರುತ್ತದೆ. ಇಲ್ಲದಿದ್ದರೆ ಬರೆದವನ ತಪ್ಪು. ಲೋಕದ ಸಾಹಿತ್ಯವೆಲ್ಲ ಆ ಡಬ್ಬಿಯಲ್ಲಿ ಮುಚ್ಚಳ ಹಾಕಿಸಿಕೊಂಡು ಕೂತಿತ್ತು.

ಮೋಸ ಮಾಡುತ್ತಿದ್ದೇನೆ ಎಂದು ಅವರಿಗೆ ಒಂದು ದಿನವೂ ಅನ್ನಿಸಿರಲಿಲ್ಲ. ಏಪ್ರಿಲ್ಲಿನಲ್ಲಿ ಪಠ್ಯಪುಸ್ತಕ ಕೈಗೆ ಬಂದರೆ ಮೇ ಮುಗಿಯುವುದರೊಳಗೆ ಗೈಡು ಅಂಗಡಿಯಲ್ಲಿರಬೇಕು. ಕೂತು ಓದುವ ಪುರುಸೊತ್ತು ಯಾರಿಗಿದೆ? ಮಕ್ಕಳು ಪಾಸಾಗುತ್ತಿದ್ದರು. ಬೇರೆ ಮೇಷ್ಟ್ರುಗಳು ಅದೇ ಗೈಡನ್ನು ಹಾಜರಿ ಪುಸ್ತಕದ ಕೆಳಗೆ ಇಟ್ಟುಕೊಂಡು ಪಾಠ ಮಾಡುತ್ತಿದ್ದರು. ಯಾರೂ ಕೊಸರಾಡಿದ್ದಿಲ್ಲ.

ಕೊಸರಾಡಿದವಳು ಒಬ್ಬಳೇ, ಅವರ ತಂಗಿ.

ತಂಗಿ ಅವರಿಗಿಂತ ಮೂರು ವರ್ಷ ಚಿಕ್ಕವಳು. ಊರಿನ ಇನ್ನೊಂದು ತುದಿಯಲ್ಲಿ, ದರ್ಜಿಗಳ ಬೀದಿಯಲ್ಲಿ, ಒಂದೇ ಕೋಣೆಯ ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮಧ್ಯಾಹ್ನದ ಬಿಡುವಿನಲ್ಲಿ ಕತೆ ಬರೆಯಲು ಶುರು ಮಾಡಿದಳು. ಎರಡು ವರ್ಷದಲ್ಲಿ ಹನ್ನೊಂದು ಕತೆಗಳಾದವು. ಒಂದು ದಪ್ಪ ನೋಟುಪುಸ್ತಕದಲ್ಲಿ ಅಂದವಾಗಿ ಬರೆದು, ಬಟ್ಟೆಯ ಚೀಲದಲ್ಲಿಟ್ಟು, ಅಣ್ಣನ ಮನೆಗೆ ತಾನೇ ತಂದುಕೊಟ್ಟಳು.

“ಕೊನೇ ಕತೆ ಮಧ್ಯದ ಹಾಳೆಗಳನ್ನ ಕಚ್ಚಾ ಹೊಲಿಗೆ ಹಾಕಿ ಮುಚ್ಚಿದ್ದೀನಿ ಅಣ್ಣ,” ಎಂದಿದ್ದಳು. “ಮಗಳು ಓದಬಾರದು ಅಂತ. ನೀನು ದಾರ ಎಳೆದು ಓದ್ಕೋ. ಅದು ನಿನಗೇ ಬರೆದಿದ್ದು.”

“ಓದ್ತೀನಿ ಬಿಡಮ್ಮ, ಅದೇನು ಮಹಾ,” ಎಂದಿದ್ದರು ಮೇಷ್ಟ್ರು.

ಆರು ತಿಂಗಳಾದ ಮೇಲೆ ಮೇಷ್ಟ್ರು ನೋಟುಪುಸ್ತಕವನ್ನು ತಂಗಿಯ ಮನೆಗೆ ವಾಪಸು ಒಯ್ದು ಕೊಟ್ಟರು. ಹನ್ನೊಂದು ಕತೆಗಳ ಮೊದಲ ಪುಟ, ಕೊನೆಯ ಪುಟಗಳಲ್ಲಿ ಕೆಂಪು ಶಾಯಿ ಇತ್ತು. ‘ಆರಂಭ ಉತ್ತಮ.’ ‘ಆಶಯ ಸ್ಪಷ್ಟವಿಲ್ಲ.’ ‘ಅಂತ್ಯ ಇನ್ನಷ್ಟು ಪರಿಣಾಮಕಾರಿಯಾಗಬಹುದಿತ್ತು.’ ಎಲ್ಲಕ್ಕೂ ಹತ್ತಕ್ಕೆ ಆರು, ಒಂದಕ್ಕೆ ಮಾತ್ರ ಆರೂವರೆ. ಕೊನೆಯ ಕತೆಯ ಮಧ್ಯದಲ್ಲಿ ಬಿಳಿ ದಾರ ಹಾಕಿದ್ದು ಹಾಕಿದ ಹಾಗೆಯೇ ಇತ್ತು. ಒಂದು ಎಳೆಯೂ ಸಡಿಲವಾಗಿರಲಿಲ್ಲ.

ತಂಗಿ ಅದನ್ನು ಬೆರಳಿನಲ್ಲಿ ಮುಟ್ಟಿ ನೋಡಿದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

“ಕಾಲರ್ ಹೊಲಿದು, ಕೆಳಗಿನ ಅಂಚು ಹೊಲಿದು, ಮಧ್ಯ ಬಿಟ್ಟರೆ ಅದು ಅಂಗಿ ಆಗುತ್ತಾ ಅಣ್ಣ?” ಎಂದು ಕೇಳಿದಳು. ಮೇಷ್ಟ್ರು ನಕ್ಕರು. ಅವಳು ನಗಲಿಲ್ಲ. “ನನ್ನ ಒಂದೇ ಒಂದು ಕತೆ ಮೊದಲನೇ ಸಾಲಿಂದ ಕೊನೇ ಸಾಲಿನವರೆಗೂ ಓದಿದ ದಿನ ಈ ಮನೆಗೆ ಬಾ. ಅಲ್ಲೀವರೆಗೂ ಬರಬೇಡ. ಕಾಯಿಲೆ ಅಂದ್ರೂ ಬರಬೇಡ, ಸತ್ತೆ ಅಂದ್ರೂ ಬರಬೇಡ.”

ನೋಟುಪುಸ್ತಕವನ್ನು ಮತ್ತೆ ಅಣ್ಣನ ಕೈಗೆ ಕೊಡಲಿಲ್ಲ. ಮೇಷ್ಟ್ರೂ ಕೇಳಲಿಲ್ಲ. ‘ಕೊಟ್ಟರೆ ಓದುತ್ತೇನಪ್ಪ, ನಾನೇ ಹೋಗಿ ಕಾಲು ಹಿಡಿಯಬೇಕಾ’ ಎಂದು ಹೆಂಡತಿಯ ಮುಂದೆ ಬಿಗುಮಾನ ತೋರಿಸಿದರು. ಬಿಗುಮಾನ ಎನ್ನುವುದು ವಿಚಿತ್ರ; ಮೊದಲ ವಾರ ಮುರಿಯುವುದು ಸುಲಭ, ಮೊದಲ ವರ್ಷ ಕಳೆದ ಮೇಲೆ ಅದೇ ಒಂದು ಅಭ್ಯಾಸವಾಗಿಬಿಡುತ್ತದೆ. ಒಂಬತ್ತು ವರ್ಷ ಹಾಗೆಯೇ ಹೋಯಿತು. ಮೇಷ್ಟ್ರಿಗೆ ತಂಗಿಯ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ದರ್ಜಿಗಳ ಬೀದಿಯ ಬಾಯಿಯಲ್ಲಿ ಬಸ್ಸು ನಿಂತಾಗಲೆಲ್ಲ ಕಿಟಕಿಯಿಂದ ಕತ್ತು ಚಾಚುತ್ತಿದ್ದರು. ಇಳಿಯುತ್ತಿರಲಿಲ್ಲ, ಅಷ್ಟೇ.

ಒಂಬತ್ತನೆಯ ವರ್ಷ ಹೊಸ ಪಠ್ಯಪುಸ್ತಕ ಬಂತು. ಅದರಲ್ಲಿ ಆರನೆಯ ಪಾಠ ‘ಎರಡನೆಯ ಲೋಟ’ ಎಂಬ ಸಣ್ಣಕತೆ. ಬರೆದವರ ಜಾಗದಲ್ಲಿ ಒಂದು ಕಾವ್ಯನಾಮ ಇತ್ತು. ಹೆಣ್ಣೋ ಗಂಡೋ ತಿಳಿಯುವ ಹಾಗಿರಲಿಲ್ಲ. ಲೇಖಕರ ಪರಿಚಯ ಎಂಬಲ್ಲಿ ‘ಪ್ರಚಾರ ಬಯಸದ ಇವರು ತಮ್ಮ ವಿವರಗಳನ್ನು ನೀಡಿಲ್ಲ’ ಎಂದು ಒಂದೇ ಸಾಲು. ಮೇಷ್ಟ್ರಿಗೆ ಖುಷಿಯಾಯಿತು. ಹುಟ್ಟಿದ ಊರು, ಬಂದ ಬಹುಮಾನ, ಬರೆದ ಪುಸ್ತಕ ಎಂದು ಆರು ಸಾಲು ಬರೆಯುವ ಶ್ರಮ ಉಳಿಯಿತಲ್ಲ.

ಆ ಕತೆ ತಂಗಿಯದು. ನೋಟುಪುಸ್ತಕದ ಹನ್ನೊಂದನೆಯ ಕತೆ, ದಾರ ಹಾಕಿದ್ದು. ಅವಳು ಅದನ್ನು ನೆನಪಿನಿಂದಲೇ ತಿದ್ದಿ ಬರೆದು ಒಂದು ಮಾಸಪತ್ರಿಕೆಗೆ ಕಳಿಸಿದ್ದಳು. ಅಲ್ಲಿಂದ ಪಠ್ಯದವರ ಕಣ್ಣಿಗೆ ಬಿದ್ದಿತ್ತು. ಸುದ್ದಿ ಬಂದ ದಿನ ತಂಗಿ ಹಾಸಿಗೆ ಹಿಡಿದಿದ್ದಳು. ಮೂತ್ರಪಿಂಡ ಕೈಕೊಟ್ಟಿತ್ತು, ಕಾಲು ಊದಿಕೊಂಡಿತ್ತು. ಆದರೂ ಎದ್ದು ಕೂತು ಮಗಳಿಗೆ ಹೇಳಿದಳಂತೆ: “ಇನ್ನು ಅವನು ಓದದೆ ವಿಧಿಯಿಲ್ಲ. ಅವನ ಕಸುಬೇ ಅದು. ನನಗೆ ಹುಷಾರಿಲ್ಲ ಅಂತ ಹೇಳಿ ಕಳಿಸಬೇಡ. ಓದ್ತಾನೆ, ಓದಿದ ಕೂಡಲೇ ಓಡಿ ಬರ್ತಾನೆ ನೋಡು.” ಇದನ್ನು ಮಗಳು ಬಹಳ ದಿನದ ಮೇಲೆ ಹೇಳಿದ್ದು. ಏಪ್ರಿಲ್ ಇಡೀ ತಾಯಿ ಬಾಗಿಲಿನ ಕಡೆ ಮುಖ ಮಾಡಿ ಮಲಗುತ್ತಿದ್ದಳಂತೆ.

ಇತ್ತ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಮೇಷ್ಟ್ರು ಮೊದಲ ಪುಟ ಓದಿದರು. ಒಬ್ಬ ವಿಧವೆ, ಗೋಡೆಯ ಮೇಲೆ ಗಂಡನ ಫೋಟೋ. ದಿನಾ ಸಂಜೆ ಕಿಟಕಿಯ ಹತ್ತಿರ ಎರಡು ಲೋಟ ಚಹಾ ಇಡುತ್ತಾಳೆ. ಒಂದನ್ನು ಕುಡಿಯುತ್ತಾಳೆ, ಇನ್ನೊಂದು ಆರಿದ ಮೇಲೆ ಹೂವಿನ ಕುಂಡಕ್ಕೆ ಸುರಿಯುತ್ತಾಳೆ. ಕೊನೆಯ ಪುಟ ಓದಿದರು. ಅವಳು ಎರಡನೆಯ ಲೋಟವನ್ನು ತೊಳೆದು, ಒರೆಸಿ, ಮೇಲಿನ ಹಲಗೆಯ ಮೇಲೆ ಮಗುಚಿಟ್ಟು, ಬಂದು ತನ್ನ ಚಹಾ ಕುಡಿಯುತ್ತಾಳೆ. ಮಧ್ಯದ ಏಳು ಪುಟವನ್ನು ಹೆಬ್ಬೆರಳಿನಿಂದ ಸರ್ರನೆ ಹಾರಿಸಿದರು. ಒಂಬತ್ತು ವರ್ಷದ ಹಿಂದೆ ಇವೇ ಎರಡು ಪುಟಕ್ಕೆ ತಾವೇ ಕೆಂಪು ಶಾಯಿ ತಾಗಿಸಿದ್ದು ನೆನಪಾಗಲಿಲ್ಲ. ವರ್ಷಕ್ಕೆ ಎಷ್ಟೋ ಸಾವಿರ ಪುಟಕ್ಕೆ ಕೆಂಪು ಶಾಯಿ ತಾಗಿಸುವ ಕೈ, ಯಾವುದನ್ನೆಂದು ನೆನಪಿಟ್ಟುಕೊಳ್ಳುತ್ತದೆ?

ವಿಧವೆ, ಫೋಟೋ, ಕಿಟಕಿ, ಸಂಜೆ. ಕಾರ್ಡು ಹುಡುಕುವುದೇ ಬೇಕಾಗಲಿಲ್ಲ, ‘ಅಗಲಿಕೆಯ ನೋವು’ ತಾನಾಗಿ ಕೈಗೆ ಬಂತು. ಪ್ರಶ್ನೆ: ಎರಡನೆಯ ಲೋಟ ಯಾರ ಸಂಕೇತ? ಮೇಷ್ಟ್ರು ಬರೆದರು: ‘ಎರಡನೆಯ ಲೋಟವು ಅಗಲಿದ ಪತಿಯ ಸಂಕೇತವಾಗಿದೆ. ಕಥಾನಾಯಕಿಯು ಪತಿಯ ನೆನಪಿನಲ್ಲಿಯೇ ದಿನಗಳನ್ನು ಕಳೆಯುತ್ತಾಳೆ. ಕೊನೆಗೆ ವಾಸ್ತವವನ್ನು ಒಪ್ಪಿಕೊಳ್ಳುತ್ತಾಳೆ. ಕಿಟಕಿಯು ನಿರೀಕ್ಷೆಯನ್ನು ಸೂಚಿಸುತ್ತದೆ.’ ಇಪ್ಪತ್ತು ನಿಮಿಷದಲ್ಲಿ ಆರನೆಯ ಪಾಠ ಮುಗಿಯಿತು. ಏಳನೆಯದು ಪದ್ಯ, ಅದರಲ್ಲಿ ನದಿ ಇತ್ತು, ಇನ್ನೂ ಬೇಗ ಮುಗಿಯಿತು.

ಮೇ ಕೊನೆಯಲ್ಲಿ ಗೈಡು ಅಂಗಡಿಗೆ ಬಂತು.

ಜೂನಿನ ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ಮೇಷ್ಟ್ರ ಹೆಂಡತಿಗೆ ಓದುವುದಕ್ಕೆ ಇಂಥದ್ದೇ ಬೇಕೆಂದಿರಲಿಲ್ಲ. ಸಾಮಾನು ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ, ಸುಕ್ಕು ಸವರಿ, ಕೊನೆಯ ಸಾಲಿನವರೆಗೂ ಓದುವ ಹೆಂಗಸು. ಬೀಸಣಿಗೆ ಮಾಡಿಕೊಳ್ಳಲು ಪಠ್ಯಪುಸ್ತಕ ಎತ್ತಿಕೊಂಡವರು ಓದುತ್ತಾ ಕೂತುಬಿಟ್ಟರು. ಸ್ವಲ್ಪ ಹೊತ್ತಾದ ಮೇಲೆ ಅಡುಗೆಮನೆಯಿಂದ ದನಿ ಬಂತು.

“ರೀ, ನಿಮ್ಮ ತಂಗಿ ಮಣಿಕಟ್ಟಿನ ಮೇಲೆ ಸುಟ್ಟ ಕಲೆ ಇದೆಯಲ್ಲ, ಅದು ಹೇಗಾಯ್ತು ಅಂದಿದ್ರಿ?”

“ಈಗ್ಯಾಕೆ ಅದು?”

“ಹೇಳಿ ಅಂದ್ರೆ.”

“ಚಿಕ್ಕೋಳಿದ್ದಾಗ ಚಹಾ ಚೆಲ್ಲಿಕೊಂಡಿದ್ದು. ನನಗೆ ತಂದ್ಕೊಡೋಕೆ ಹೋಗಿ.”

ಹೆಂಡತಿ ಪುಸ್ತಕ ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತರು. ಅವರ ಮುಖ ಸಪ್ಪಗಾಗಿತ್ತು.

“ಹಾಗಾದ್ರೆ ಇದು ಅವಳೇ ಬರೆದಿದ್ದು. ಕೂತ್ಕೊಂಡು ಓದಿ. ನಿಮ್ಮ ಥರ ಓದಬೇಡಿ, ನನ್ನ ಥರ ಓದಿ.”

ಮೇಷ್ಟ್ರು ಅಡುಗೆಮನೆಯ ನೆಲದ ಮೇಲೆ, ಕಿಟಕಿಯ ಬೆಳಕು ಬೀಳುವ ಕಡೆ ಕೂತು ಓದಿದರು. ನಾಲ್ಕನೆಯ ಪುಟದಲ್ಲಿ ಒಬ್ಬ ಹುಡುಗ ಪರೀಕ್ಷೆಯಲ್ಲಿ ಫೇಲಾಗುತ್ತಾನೆ. ಅಪ್ಪ ಅವನನ್ನು ಹೊರಗೆ ದಬ್ಬಿ ಬಾಗಿಲು ಹಾಕುತ್ತಾನೆ. ಮೂರನೆಯ ಮೆಟ್ಟಿಲು ಒಡೆದ ಮಹಡಿ ಮೆಟ್ಟಿಲ ಕೆಳಗೆ ಅವನು ಅಂಗಿಯ ಗುಂಡಿ ತಿರುವುತ್ತಾ ಅಳುತ್ತಾ ಕೂತಿರುತ್ತಾನೆ. ಅವನ ತಂಗಿ, ಹನ್ನೊಂದು ವರ್ಷದವಳು, ಅಪ್ಪನ ಕಣ್ಣು ತಪ್ಪಿಸಿ ಲಂಗದ ಮರೆಯಲ್ಲಿ ಒಂದು ಲೋಟ ಚಹಾ ತರುತ್ತಾಳೆ. ಬಿಸಿ ಚಹಾ ಮಣಿಕಟ್ಟಿನ ಮೇಲೆ ಚೆಲ್ಲುತ್ತದೆ. ಕೂಗಿದರೆ ಅಪ್ಪನಿಗೆ ಗೊತ್ತಾಗುತ್ತದೆಂದು ತುಟಿ ಕಚ್ಚಿಕೊಂಡು ನಿಲ್ಲುತ್ತಾಳೆ. ಅಣ್ಣ ಚಹಾ ಕುಡಿದು, ‘ನಾನು ದೊಡ್ಡೋನಾದ ಮೇಲೆ ದಿನಾ ಸಂಜೆ ನಿನ್ನ ಜೊತೆ ಕೂತು ಚಹಾ ಕುಡೀತೀನಿ’ ಎಂದು ಮಾತು ಕೊಡುತ್ತಾನೆ. ಮುಂದೆ ಅವನು ದೊಡ್ಡವನಾಗುತ್ತಾನೆ. ಬೇರೆಯವರಿಗೆ ಕತೆಗಳ ಅರ್ಥ ಹೇಳಿಕೊಡುವುದು ಅವನ ಕೆಲಸ. ‘ಅವನಿಗೆ ಎಲ್ಲ ಕತೆಗಳ ಅರ್ಥವೂ ಗೊತ್ತಿತ್ತು, ಯಾವ ಕತೆಯೂ ಗೊತ್ತಿರಲಿಲ್ಲ’ ಎಂದು ಆರನೆಯ ಪುಟದಲ್ಲಿ ಒಂದು ಸಾಲು ಇತ್ತು. ಎಲ್ಲಿಯೂ ಅಣ್ಣನನ್ನು ಬೈದಿರಲಿಲ್ಲ.

ಒಡೆದ ಮೆಟ್ಟಿಲ ಕೆಳಗೆ ಕೊಟ್ಟ ಆ ಮಾತು ಲೋಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಐವತ್ತೇಳು ವರ್ಷದ ಗಂಡಸು ಪಠ್ಯಪುಸ್ತಕ ಮಡಿಲಲ್ಲಿಟ್ಟುಕೊಂಡು ಅಡುಗೆಮನೆಯ ನೆಲದ ಮೇಲೆ ಬಿಕ್ಕಿ ಬಿಕ್ಕಿ ಅತ್ತರು. ಹೆಂಡತಿ ಸಮಾಧಾನ ಮಾಡಲಿಲ್ಲ. ಅವರಿಗೂ ಸಿಟ್ಟಿತ್ತು.

ಮೊದಲು ಅವರು ಓಡಿದ್ದು ತಂಗಿಯ ಮನೆಗಲ್ಲ, ಪ್ರೆಸ್ಸಿಗೆ. ಗೈಡು ತಿದ್ದಿಸಿಬಿಟ್ಟರೆ, ತಂಗಿಯ ಕೈಗೆ ತಪ್ಪು ಪ್ರತಿ ಸಿಗದ ಹಾಗೆ ಮಾಡಿದರೆ, ಎಂಬ ಆಸೆ. ಮಾಲೀಕ ಎಳನೀರಿನ ಹಾಗೆ ತಣ್ಣಗೆ ಕೇಳಿಸಿಕೊಂಡ.

“ಮೇಷ್ಟ್ರೇ, ಅಷ್ಟೂ ಪ್ರತಿ ಹೋಗಾಯ್ತು. ಗೋದಾಮಿನಲ್ಲಿ ಒಂದು ಕಟ್ಟೂ ಇಲ್ಲ.”

“ಉತ್ತರ ತಪ್ಪಾಗಿದೆ ಕಣಯ್ಯಾ. ಅದು ಗಂಡ ಅಲ್ಲ, ಅಣ್ಣ.”

“ಎಲ್ಲಾ ಮಕ್ಕಳೂ ಗಂಡ ಅಂತಲೇ ಬರೀತಾರೆ ತಾನೇ? ಎಲ್ಲರೂ ಒಂದೇ ಬರೆದ ಮೇಲೆ ಅದು ತಪ್ಪು ಹೇಗಾಗುತ್ತೆ? ನೀವು ಸುಮ್ಮನೆ ಮನೆಗೆ ಹೋಗಿ ಮಲಗಿ.”

ಮೇಷ್ಟ್ರು ಮನೆಗೆ ಹೋಗಲಿಲ್ಲ. ಬಸ್ಸು ಹತ್ತಿ, ದರ್ಜಿಗಳ ಬೀದಿಯ ಬಾಯಿಯಲ್ಲಿ ಈ ಸಲ ಇಳಿದರು.

ಬಾಗಿಲು ತೆಗೆದವಳು ತಂಗಿಯ ಮಗಳು. ಒಂಬತ್ತು ವರ್ಷದ ಹಿಂದೆ ಶಾಲೆಗೆ ಹೋಗುತ್ತಿದ್ದವಳು ಈಗ ತಾಯಿಯ ಯಂತ್ರದ ಮುಂದೆ ಕೂತು ಹೊಲಿಯುತ್ತಿದ್ದಳು. ಕುತ್ತಿಗೆಯಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು. ಬಾಗಿಲಿಗೆ ಅಡ್ಡವಾಗಿಯೇ ನಿಂತಳು.

“ಯಾರೇ ಅದು?” ಎಂದು ಒಳಗಿನಿಂದ ದನಿ ಬಂತು.

“ಮಾವ ಬಂದಿದ್ದಾರೆ ಅಮ್ಮ.”

“ಓದ್ಕೊಂಡು ಬಂದಿದ್ದಾನಾ ಕೇಳು.”

“ಓದಿದೆ ಪುಟ್ಟಿ,” ಎಂದು ಮೇಷ್ಟ್ರು ಹೊಸ್ತಿಲ ಆಚೆಯಿಂದಲೇ ತಂಗಿಗೆ ಅಂದರು. “ಪೂರ್ತಿ ಓದಿದೆ.”

“ಹಾಗಾದ್ರೆ ಒಳಗೆ ಬಾ.”

ಹೊಲಿಯಲು ಬಂದ ನೀಲಿ ಬಟ್ಟೆಯ ರಾಶಿಯ ಪಕ್ಕದ ಮಂಚದಲ್ಲಿ ತಂಗಿ ಮಲಗಿದ್ದಳು. ಮುಖ ಊದಿ ಹಳದಿಗಟ್ಟಿತ್ತು. ಮೇಷ್ಟ್ರು ಗುರುತಿಗೆಂದು ಮಣಿಕಟ್ಟಿನ ಕಡೆ ನೋಡಿದರು, ಕಲೆ ಇತ್ತು. ಇಷ್ಟು ಆಗಿದ್ದರೂ ತನಗೆ ಯಾರೂ ಹೇಳಲಿಲ್ಲವಲ್ಲ ಎಂದು ಒಂದು ಗಳಿಗೆ ಕೋಪ ಬಂತು. ಹೇಳಬೇಡವೆಂದು ಅವಳೇ ತಡೆದಿರುತ್ತಾಳೆ ಎಂದು ಹೊಳೆದ ಕೂಡಲೇ ಕೋಪ ಇಳಿದು ನಾಚಿಕೆಯಾಯಿತು. ಆಮೇಲೆ ಅವರ ಕಣ್ಣಿಗೆ ದಿಂಬಿನ ಪಕ್ಕದಲ್ಲಿದ್ದ ಗೈಡು ಬಿತ್ತು. ಆರನೆಯ ಪಾಠದ ಪುಟ ತೆರೆದಿತ್ತು. ‘ಅಗಲಿದ ಪತಿಯ ಸಂಕೇತವಾಗಿದೆ’ ಎಂಬುದರ ಕೆಳಗೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಗೆರೆ ಎಳೆದಿತ್ತು.

“ಹೇಳು,” ಎಂದಳು ತಂಗಿ.

“ಏನು ಹೇಳ್ಲಿ?”

“ಕತೆ ಹೇಳು. ಓದಿದ್ದೀನಿ ಅಂದ್ಯಲ್ಲ.”

ಮೇಷ್ಟ್ರು ಹೇಳಿದರು. ಮೂವತ್ತೈದು ವರ್ಷ ಪಾಠ ಮಾಡಿದವರು ಯಾವ ಪಾಠವನ್ನೂ ಹಾಗೆ ಹೇಳಿರಲಿಲ್ಲ. ಒಡೆದ ಮೂರನೆಯ ಮೆಟ್ಟಿಲು, ಅಂಗಿಯ ಗುಂಡಿ, ಲಂಗದ ಮರೆಯ ಲೋಟ, ಕಚ್ಚಿಕೊಂಡ ತುಟಿ, ಯಾವುದನ್ನೂ ಬಿಡಲಿಲ್ಲ. ಕತೆಯಲ್ಲಿ ಇಲ್ಲದ್ದನ್ನೂ ಸೇರಿಸಿದರು: ಆ ದಿನ ಲೋಟದ ತಳದಲ್ಲಿ ಸಕ್ಕರೆ ಕರಗದೆ ಉಳಿದಿತ್ತು, ಅದನ್ನು ಬೆರಳಲ್ಲಿ ತೆಗೆದು ಅವಳಿಗೇ ತಿನ್ನಿಸಿದ್ದೆ ಎಂದರು. ತಂಗಿ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ಯಂತ್ರದ ಸದ್ದು ನಿಂತಿತ್ತು. ಮಗಳು ಗೋಡೆಗೆ ಒರಗಿ ನಿಂತಿದ್ದಳು.

“ಸಕ್ಕರೆ ವಿಷಯ ನನಗೆ ಮರೆತೇ ಹೋಗಿತ್ತು,” ಎಂದಳು ತಂಗಿ. “ಚೆನ್ನಾಗಿ ಹೇಳಿದೆ ಅಣ್ಣ. ಯಾವತ್ತು ಓದಿದೆ?”

“ಇವತ್ತು.”

“ಇದನ್ನ ಬರೆದಿದ್ದು?” ಎಂದು ಗೈಡನ್ನು ಬೆರಳಲ್ಲಿ ತಟ್ಟಿದಳು.

ಸುಳ್ಳು ಹೇಳಬಹುದಿತ್ತು. ರಟ್ಟಿನ ಮೇಲೆ ಹೆಸರಿರಲಿಲ್ಲ. ಈ ಸಲ ಬೇರೆ ಯಾರೋ ಬರೆದರು ಎಂದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ಮೇಷ್ಟ್ರು ನುಂಗಿಕೊಂಡರು.

“ಏಪ್ರಿಲ್ಲಿನಲ್ಲಿ,” ಎಂದರು.

“ಏಪ್ರಿಲ್ಲಿನಲ್ಲಿ ನಾನು ಬಾಗಿಲು ನೋಡ್ತಾ ಮಲಗಿದ್ದೆ. ಯಾರಾದ್ರೂ ಚಪ್ಪಲಿ ಬಿಟ್ಟ ಸದ್ದಾದ್ರೆ ನೀನೇ ಅಂದ್ಕೋತಿದ್ದೆ.” ಅವಳು ಸ್ವಲ್ಪ ಉಸಿರು ತೆಗೆದುಕೊಂಡಳು. “ನೀನು ಮೇಷ್ಟ್ರು ಅಲ್ವಾ, ನೀನೇ ಹೇಳು. ಪರೀಕ್ಷೆ ಮುಗಿದು ಮನೆಗೆ ಹೋದ ಮೇಲೆ ಓದಿದೋರಿಗೆ ಮಾರ್ಕ್ಸು ಕೊಡ್ತಾರಾ?”

ಮೇಷ್ಟ್ರು ಗೈಡು ಮುಚ್ಚಿದರು. ತಲೆ ತಗ್ಗಿಸಿ ಕೂತರು. ಸ್ವಲ್ಪ ಹೊತ್ತಿಗೆ ಮಗಳು ಚಹಾ ತಂದಳು, ಒಂದೇ ಲೋಟ. ತಾಯಿಯ ತಲೆ ಎತ್ತಿ ಹಿಡಿದು ಗುಟುಕು ಗುಟುಕಾಗಿ ಕುಡಿಸಿದಳು. ಮಾವನಿಗೂ ಒಂದು ಲೋಟ ಎಂದು ತಾಯಿಯೂ ಹೇಳಲಿಲ್ಲ, ಮಗಳೂ ಕೇಳಲಿಲ್ಲ. ಕುಡಿದು ಮುಗಿದ ಮೇಲೆ ತಂಗಿ ಗೋಡೆಯ ಕಡೆ ಹೊರಳಿದಳು.

“ಹೋಗುವಾಗ ಬಾಗಿಲು ಎಳ್ಕೊಂಡು ಹೋಗು. ಗಾಳಿ ಬರುತ್ತೆ,” ಎಂದಳು.

ಆಮೇಲೆ ಮೇಷ್ಟ್ರು ಭಾನುವಾರ ಭಾನುವಾರ ಹೋದರು. ಹಣ್ಣು ತಗೊಂಡು ಹೋದರು, ಔಷಧಿ ತಗೊಂಡು ಹೋದರು, ಒಂದು ಸಲ ಹೆಂಡತಿಯನ್ನೂ ಕರೆದುಕೊಂಡು ಹೋದರು. ಅತ್ತಿಗೆಯ ಕೈ ಹಿಡಿದುಕೊಂಡು ತಂಗಿ ಬಹಳ ಹೊತ್ತು ಮಾತಾಡಿದಳು. ಮೇಷ್ಟ್ರು ಒಬ್ಬರೇ ಹೋದ ದಿನ ಮಾತ್ರ ನಿದ್ದೆಯಲ್ಲಿರುತ್ತಿದ್ದಳು. ನಿಜವಾಗಿ ನಿದ್ದೆಯೋ ಅಲ್ಲವೋ ಅವರು ಪರೀಕ್ಷೆ ಮಾಡಲು ಹೋಗಲಿಲ್ಲ. ಮಂಚದ ಪಕ್ಕದ ಸ್ಟೂಲಿನ ಮೇಲೆ ಒಂದು ಗಂಟೆ ಕೂತು ಬರುತ್ತಿದ್ದರು. ನವೆಂಬರಿನಲ್ಲಿ ಅವಳು ತೀರಿಕೊಂಡಳು. ಎಲ್ಲ ಮುಗಿದ ಮೇಲೆ ಮಗಳು ನೋಟುಪುಸ್ತಕವನ್ನು ಮಾವನ ಕೈಗಿಟ್ಟಳು. ದಾರ ಹಾಗೆಯೇ ಇತ್ತು. ಇನ್ನು ಎಳೆದು ಯಾರಿಗೆ ಹೇಳಬೇಕು? ಮೇಷ್ಟ್ರು ಅದನ್ನು ಕಾರ್ಡಿನ ಡಬ್ಬಿಯ ಜೊತೆ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಪ್ರೆಸ್ಸಿನ ಮಾಲೀಕ ಮುಂದಿನ ವರ್ಷದ ಗೈಡಿಗೆ ಹೇಳಿ ಕಳಿಸಿದಾಗ ಆಗುವುದಿಲ್ಲ ಎಂದರು. ಮಾಲೀಕ ಮೂಗು ಮುರಿದು ಬೇರೆಯವರನ್ನು ಹುಡುಕಿಕೊಂಡ.

ಏಪ್ರಿಲ್ ಮತ್ತೆ ಬಂತು, ಪರೀಕ್ಷೆಯ ಮೌಲ್ಯಮಾಪನವೂ ಬಂತು. ದೊಡ್ಡ ಶಾಲೆಯೊಂದರ ಹಾಲಿನಲ್ಲಿ ಉದ್ದುದ್ದ ಬೆಂಚು ಹಾಕಿ, ಫ್ಯಾನುಗಳು ಕಿರುಗುಡುತ್ತಿರಲು, ಬೇರೆ ಬೇರೆ ಊರಿನ ಮೇಷ್ಟ್ರುಗಳು ಕೆಂಪು ಪೆನ್ನು ಹಿಡಿದು ಕೂತಿದ್ದರು. ಪ್ರತಿಯೊಬ್ಬರ ಮುಂದೆ ಉತ್ತರ ಪತ್ರಿಕೆಯ ಕಟ್ಟು, ಪಕ್ಕದಲ್ಲಿ ಕೀ ಉತ್ತರದ ಹಾಳೆ. ಇಪ್ಪತ್ತಮೂರನೆಯ ಪ್ರಶ್ನೆಯನ್ನು ಮೇಷ್ಟ್ರು ನೋಡಿದರು. ಎರಡನೆಯ ಲೋಟ ಯಾರ ಸಂಕೇತ? ವಿವರಿಸಿ. ನಾಲ್ಕು ಅಂಕ. ಕೀ ಹಾಳೆಯಲ್ಲಿ ಉತ್ತರ: ಅಗಲಿದ ಪತಿಯ ಸಂಕೇತ. ಅದನ್ನು ಬರೆದವರೂ ಮೇಷ್ಟ್ರುಗಳೇ ತಾನೇ, ಅವರ ಚೀಲದಲ್ಲಿ ಬೇರೆ ಇನ್ಯಾವ ಗೈಡು ಇರುತ್ತದೆ?

ಮೊದಲ ದಿನ ಇಪ್ಪತ್ತೈದು ಪತ್ರಿಕೆ, ಎರಡನೆಯ ದಿನ ಇಪ್ಪತ್ತೈದು. ಒಂದೊಂದರಲ್ಲೂ ಅವರದೇ ಸಾಲುಗಳು, ಅವರದೇ ಅಲ್ಪವಿರಾಮಗಳು. ‘ಪತಿಯ ನೆನಪಿನಲ್ಲಿಯೇ ದಿನಗಳನ್ನು ಕಳೆಯುತ್ತಾಳೆ.’ ‘ಕೊನೆಗೆ ವಾಸ್ತವವನ್ನು ಒಪ್ಪಿಕೊಳ್ಳುತ್ತಾಳೆ.’ ಕಂಡವರ ಮಕ್ಕಳೆಲ್ಲ ಅವರ ತಪ್ಪನ್ನು ಬಾಯಿಪಾಠ ಮಾಡಿ, ದುಂಡಗೆ ಬರೆದು, ಅವರ ಕೈಗೇ ಒಪ್ಪಿಸುತ್ತಿದ್ದರು. ಕೀ ಪ್ರಕಾರ ನಾಲ್ಕಕ್ಕೆ ನಾಲ್ಕು ಹಾಕುತ್ತಾ ಹೋದರು. ಪೆನ್ನು ಹಿಡಿದ ಬೆರಳು ನೋಯುತ್ತಿತ್ತು.

ಮೂರನೆಯ ದಿನ ಊಟದ ಬಿಡುವಿಗೆ ಸ್ವಲ್ಪ ಮುಂಚೆ ಒಂದು ಪತ್ರಿಕೆ ಬಂತು. ಅಕ್ಷರ ಸೊಟ್ಟಪಟ್ಟ, ಕಾಗುಣಿತ ತಪ್ಪು, ಅರ್ಧ ಪ್ರಶ್ನೆಗೆ ಉತ್ತರವೇ ಇಲ್ಲ. ಪಾಸಾಗುವುದು ಕಷ್ಟವಿದ್ದ ಪತ್ರಿಕೆ. ಇಪ್ಪತ್ತಮೂರಕ್ಕೆ ಹೀಗೆ ಬರೆದಿತ್ತು:

‘ಎರಡನೆ ಲೋಟ ಅಣ್ಣನದು. ಗೈಡಿನಲ್ಲಿ ಗಂಡ ಅಂತ ಇದೆ ಆದರೆ ಕತೆಯಲ್ಲಿ ಅಣ್ಣ ಅಂತ ಇದೆ. ಗಂಡ ಸತ್ತು ಹೋಗಿದ್ದಾನೆ ಅವನು ಬರುವುದಿಲ್ಲ ಅಂತ ಅವಳಿಗೆ ಗೊತ್ತು. ಅಣ್ಣ ಬದುಕಿದ್ದಾನೆ ಅದಕ್ಕೆ ಲೋಟ ಇಡುತ್ತಾಳೆ.’

ಮೇಷ್ಟ್ರು ಅದನ್ನು ಮೂರು ಸಲ ಓದಿದರು. ಎಲ್ಲಿಯ ಮಗುವೋ, ಹುಡುಗನೋ ಹುಡುಗಿಯೋ, ಪತ್ರಿಕೆಯ ಮೇಲೆ ಬರೀ ಒಂದು ನಂಬರು. ಓದಬೇಕಾದ ಹಾಗೆ ಓದಿತ್ತು. ತಂಗಿ ಇದನ್ನು ನೋಡಬೇಕಿತ್ತು ಎಂದುಕೊಂಡರು. ನಾಲ್ಕಕ್ಕೆ ನಾಲ್ಕು ಹಾಕಿ, ಅಂಕದ ಸುತ್ತ ಒಂದು ಗೆರೆಯನ್ನೂ ಎಳೆದರು.

ಸಂಜೆ ಮುಖ್ಯ ಪರೀಕ್ಷಕರು ಮೇಜಿಗೆ ಕರೆಸಿದರು. ಬೇರೆ ಊರಿನವರು, ಅಚ್ಚುಕಟ್ಟಿನ ಮನುಷ್ಯ, ಹಸಿರು ಶಾಯಿಯ ಪೆನ್ನು. ಎಲ್ಲರ ಕಟ್ಟಿನಿಂದಲೂ ಎರಡು ಮೂರು ಪತ್ರಿಕೆ ತೆಗೆದು ಮರುಪರಿಶೀಲನೆ ಮಾಡುವುದು ಅವರ ಕೆಲಸ. ಆ ನಾಲ್ಕಕ್ಕೆ ಅಡ್ಡಗೆರೆ ಎಳೆದು ಸೊನ್ನೆ ಹಾಕಾಗಿತ್ತು.

“ಏನ್ ಸಾರ್ ಇದು, ಇಷ್ಟು ಸರ್ವೀಸ್ ಆಗಿರೋರು ನೀವು. ಈ ಅಣ್ಣ ಎಲ್ಲಿಂದ ಬಂದ?”

“ನಾಲ್ಕನೇ ಪುಟದಿಂದ.”

“ಕೀಯಲ್ಲಿ ಇಲ್ಲವಲ್ಲ.”

“ಕೀ ತಪ್ಪು ಸಾರ್. ದಯವಿಟ್ಟು ಒಂದು ಸಲ ಕತೆ ಓದಿ ನೋಡಿ. ಒಂಬತ್ತೇ ಪುಟ.”

“ಈಗ ಕತೆ ಓದ್ತಾ ಕೂರೋಕೆ ಪುರುಸೊತ್ತು ಯಾರಿಗಿದೆ?” ಎಂದರು ಮುಖ್ಯ ಪರೀಕ್ಷಕರು. ಆ ಮಾತು ತಮ್ಮದೇ ಬಾಯಿಂದ ಬಂದ ಹಾಗೆ ಕೇಳಿಸಿತು ಮೇಷ್ಟ್ರಿಗೆ.

ಅವರು ಮೇಜಿನ ಅಂಚು ಹಿಡಿದುಕೊಂಡರು. ನಿವೃತ್ತಿಗೆ ಎರಡು ವರ್ಷ ಇತ್ತು. ಈ ಮಾತು ಇಲಾಖೆಗೆ ಮುಟ್ಟಿದರೆ ಪಿಂಚಣಿಗೆ ತೊಂದರೆಯಾಗುವುದು ಖಂಡಿತ. ಆದರೂ ಹಾಲಿನಲ್ಲಿ ನಾಲ್ಕು ಜನಕ್ಕೆ ಕೇಳುವ ಹಾಗೆಯೇ ಹೇಳಿದರು:

“ಕೀ ಬರೆದೋರು ಗೈಡು ನೋಡಿ ಬರೆದಿದ್ದಾರೆ. ಆ ಗೈಡು ಬರೆದಿದ್ದು ನಾನು. ಕತೆ ಓದದೇ ಬರೆದೆ. ನನ್ನ ತಪ್ಪು ಅದು. ಈ ಮಗುವಿಗೆ ನಾಲ್ಕು ಅಂಕ ಕೊಡಿ.”

ಮುಖ್ಯ ಪರೀಕ್ಷಕರು ಪೆನ್ನು ಕೆಳಗಿಟ್ಟರು. ಮೇಷ್ಟ್ರು ಬೈಗುಳಕ್ಕೆ ಕಾದು ನಿಂತರು. ಆದರೆ ಆ ಮನುಷ್ಯನ ಮುಖ ಅರಳಿತು.

“ಅಯ್ಯೋ, ನೀವೇನಾ ಸಾರ್ ಅವರು!” ಎಂದು ಎದ್ದು ನಿಂತು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು. “ಇಪ್ಪತ್ತು ವರ್ಷದಿಂದ ನಿಮ್ಮ ಗೈಡು ಇಟ್ಕೊಂಡೇ ಪಾಠ ಮಾಡ್ತಿದ್ದೀನಿ. ನನ್ನ ಮಕ್ಕಳೂ ಅದನ್ನೇ ಓದಿ ಪಾಸಾದ್ರು. ಎಂಥಾ ದೊಡ್ಡ ಮನಸ್ಸು ನಿಮ್ಮದು, ಒಂದು ದಡ್ಡ ಮಗುಗೋಸ್ಕರ ನಿಮ್ಮದೇ ತಪ್ಪು ಅಂತಿದ್ದೀರಲ್ಲ. ನಾನೇನೂ ಯಾರಿಗೂ ಹೇಳಲ್ಲ, ಹೆದರಬೇಡಿ. ನೀವೇ ಬರೆದಿದ್ದು ಅಂದ ಮೇಲೆ ಉತ್ತರ ಸರಿಯಾಗೇ ಇರುತ್ತೆ ಬಿಡಿ.”

ಸೊನ್ನೆ ಸೊನ್ನೆಯಾಗಿಯೇ ಉಳಿಯಿತು. ಮೇಷ್ಟ್ರು ಇನ್ನೊಂದು ಸಲ ಬಾಯಿ ತೆರೆದರು; ಅಷ್ಟರಲ್ಲಿ ಅವರು ಪತ್ರಿಕೆಯನ್ನು ಕಟ್ಟಿಗೆ ಸೇರಿಸಿ ದಾರ ಕಟ್ಟಿಯಾಗಿತ್ತು.

ಮೇಷ್ಟ್ರು ತಮ್ಮ ಬೆಂಚಿಗೆ ವಾಪಸು ಬಂದರು. ಆ ದಿನದ ಪಾಲಿನಲ್ಲಿ ಇನ್ನೂ ಮೂರು ಪತ್ರಿಕೆ ಬಾಕಿ ಇತ್ತು. ಒಂದನ್ನು ಎಳೆದುಕೊಂಡು ಇಪ್ಪತ್ತಮೂರನೆಯ ಪ್ರಶ್ನೆಗೆ ಬಂದರು. ‘ಎರಡನೆಯ ಲೋಟವು ಅಗಲಿದ ಪತಿಯ ಸಂಕೇತವಾಗಿದೆ’ ಎಂದು ದುಂಡಗೆ ಬರೆದಿತ್ತು. ಒಂದು ಅಕ್ಷರವೂ ತಪ್ಪಿರಲಿಲ್ಲ. ಮೇಷ್ಟ್ರು ಕೆಂಪು ಪೆನ್ನಿನ ಮುಚ್ಚಳ ತೆಗೆದು ನಾಲ್ಕಕ್ಕೆ ನಾಲ್ಕು ಹಾಕಿದರು.